ಮುಂಬೈ ಸೇಂಟ್ ಥಾಮಸ್ಸಾ, ಚೆನ್ನೈ ಸೇಂಟ್ ಜಾರ್ಜಾ? ಒಂದೇ ನೋಡೋಕೆ ಟೈಮ್ ಇದ್ರೆ

ಎರಡೂ ಈಸ್ಟ್ ಇಂಡಿಯಾ ಕಂಪನಿ ಕಾಲದ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚ್ ಪರಂಪರೆಯ) ಕೆಥೆಡ್ರಲ್, ಅಂದ್ರೆ ಬಿಷಪ್‌ನ ಮುಖ್ಯ ಚರ್ಚ್, ಎರಡೂ ಸಮುದ್ರದ ಪಕ್ಕದ ಊರಲ್ಲೇ ಇರೋದು, ಆದ್ರೆ ಒಳಗೆ ಕಾಲಿಟ್ರೆ ಒಂದಕ್ಕೊಂದು ಸಂಬಂಧನೇ ಇಲ್ಲ ಅನ್ಸತ್ತೆ.

ಮುಂಬೈದು ಹಳೇದು, 1718ರ ಕ್ರಿಸ್‌ಮಸ್ ದಿನ ಆರಾಧನೆಗೆ ತೆರೆದಿದ್ದು, 1837ರಲ್ಲಿ ಕೆಥೆಡ್ರಲ್ ಆಯ್ತು. ಅಲ್ಲಿನ ಚರ್ಚ್‌ಗೇಟ್ ಏರಿಯಾಗೆ ಆ ಹೆಸರು ಬಂದಿದ್ದೇ ಇದರಿಂದ, ಹಳೇ ಕೋಟೆಯಲ್ಲಿ ಈ ಚರ್ಚ್ ಕಡೆಗಿದ್ದ ಬಾಗಿಲು ಅದು. ಹಾರ್ನಿಮನ್ ಸರ್ಕಲ್ ಗಲಾಟೆಯಿಂದ ಒಳಗೆ ಬಂದ್ರೆ ಗೋಡೆ ತುಂಬಾ ಅಮೃತಶಿಲೆ ಸ್ಮಾರಕಗಳು, ಸೈನಿಕರದ್ದು, ಹಡಗಿನವರದ್ದು, ಕಂಪನಿ ಅಧಿಕಾರಿಗಳದ್ದು, ಒಂದೊಂದೇ ಕಲ್ಲಿನ ಮುಂದೆ ನಿಂತು ವಯಸ್ಸು ಓದ್ತಾ ಹೋಗಿ, ಇಪ್ಪತ್ತು ಮೂವತ್ತರಲ್ಲೇ ಮನೆಯಿಂದ ಅಷ್ಟು ದೂರ ಬಂದು ತೀರಿಕೊಂಡವರು ಸಿಗ್ತಾರೆ, ನಂಗಂತೂ ಅಲ್ಲಿ ಗಂಟಲು ಕಟ್ಟಿತು.

ಚೆನ್ನೈದು 1816ರಲ್ಲಿ ಪ್ರತಿಷ್ಠೆ ಆಗಿದ್ದು. ಬಿಳೀ ಕಟ್ಟಡ, ತುದಿಯಲ್ಲಿ ಸುರುಳಿ ಇರೋ ಎತ್ತರದ ಕಂಬಗಳು, ಮರಗಳಿರೋ ದೊಡ್ಡ ಆವರಣ. ದಕ್ಷಿಣ ಭಾರತದ ಹಲವು ಪ್ರೊಟೆಸ್ಟಂಟ್ ಸಭೆಗಳು ಒಂದಾದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಹುಟ್ಟಿದ್ದು ಇಲ್ಲೇ, 1947ರ ಸೆಪ್ಟೆಂಬರ್ 27ಕ್ಕೆ, ಹಾಗಾಗಿ ನಮ್ ಕಡೆ ಸಿಎಸ್‌ಐ ಸಭೆಯವರಿಗೆ ಇದು ಬರೀ ಟೂರಿಸ್ಟ್ ಜಾಗ ಅಲ್ಲ. ಇಂಗ್ಲಿಷ್ ಶಿಲ್ಪಿ ಚಾಂಟ್ರಿ ಮಾಡಿದ, ಕಲ್ಕತ್ತಾದ ಬಿಷಪ್ ಆಗಿದ್ದ ಹೀಬರ್ ಸ್ಮಾರಕ ಮಾತ್ರ ಮಿಸ್ ಮಾಡ್ಬೇಡಿ.

ಇತಿಹಾಸ ಓದೋ ಹುಚ್ಚಿದ್ರೆ ಮುಂಬೈಗೆ ಹೋಗಿ, ಸುಮ್ನೆ ಕೂತು ಪ್ರಾರ್ಥನೆ ಮಾಡ್ಬೇಕು ಅಂದ್ರೆ ಚೆನ್ನೈ. ನನ್ನ ಓಟು ಮುಂಬೈಗೇ. ಭಾನುವಾರ ಬೆಳಿಗ್ಗೆ ಆರಾಧನೆ ನಡೀತಿರತ್ತೆ, ಆಗ ಫೋಟೋ ತೆಗೀತಾ ಓಡಾಡ್ಬೇಡಿ ಪ್ಲೀಸ್.