ಕುದುರೆ ವ್ಯವಹಾರಕ್ಕೆ ಯಾವ ಸಂಘದ ಸದಸ್ಯತ್ವ?

ಸವಾರಿ ಶಾಲೆ, ಲಾಯ, ಜೀನು-ಲಗಾಮಿನ ಅಂಗಡಿ, ಮೇವಿನ ತಯಾರಿಕೆ, ತಳಿ ಸಾಕಣೆ ಇಂಥ ಕಸುಬುಗಳಿಗೆ ಸದಸ್ಯತ್ವ ಕೊಡುವ ಸಂಘಗಳಲ್ಲಿ ಮುಖ್ಯವಾದವು ಮೂರು ಬಗೆ. ಮೂರನ್ನೂ ಬಳಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ಗಿರಾಕಿ ಯಾವ ಸಂಘದ ಹೆಸರು ನೋಡಿ ನಂಬುತ್ತಾನೋ ಅದಕ್ಕೆ ಕಟ್ಟಿದ ಶುಲ್ಕ ಮಾತ್ರ ವಸೂಲಾಗುತ್ತದೆ.

ಪ್ರಚಾರದ ದೃಷ್ಟಿಯಿಂದ ಸವಾರಿ ಶಾಲೆ, ಲಾಯಗಳಿಗೆ ತಪಾಸಣೆ ನಡೆಸಿ ಮಾನ್ಯತೆ ಕೊಡುವ ಸಂಘವೇ ಮೇಲು. 1947ರಲ್ಲಿ ಹುಟ್ಟಿದ ಬ್ರಿಟಿಷ್ ಹಾರ್ಸ್ ಸೊಸೈಟಿ ಈ ಬಗೆಯದು. ಮಗುವನ್ನು ಕುದುರೆ ಹತ್ತಿಸುವ ತಂದೆತಾಯಿ ಮೊದಲು ಕೇಳುವುದು ಸುರಕ್ಷತೆಯನ್ನು. ಹೊರಗಿನವರು ಬಂದು ನೋಡಿದ್ದಾರೆ ಎಂಬುದಕ್ಕೆ ಇರುವ ಬೆಲೆ ಯಾವ ಜಾಹೀರಾತಿಗೂ ಇಲ್ಲ. ಲೋಗೋವನ್ನು ವೆಬ್‌ಸೈಟಿನ ಅಡಿಯಲ್ಲಿ ಹುದುಗಿಸಬೇಡಿ. ಬುಕಿಂಗ್ ಬಟನ್ ಪಕ್ಕದಲ್ಲೇ ಹಾಕಿ, ಒತ್ತಿದರೆ ಸಂಘದ ಪಟ್ಟಿಯಲ್ಲಿರುವ ನಿಮ್ಮ ಪುಟ ತೆರೆಯುವಂತಿರಲಿ. ಆ ಪುಟದಲ್ಲಿ ಬರೀ "ಸವಾರಿ ತರಬೇತಿ" ಎಂದು ಬರೆದು ಬಿಟ್ಟರೆ ಸಂಬಂಧವಿಲ್ಲದ ಕರೆಗಳೇ ಬರುತ್ತವೆ. ಕನಿಷ್ಠ ವಯಸ್ಸು, ಸವಾರರ ತೂಕದ ಮಿತಿ, ಹೊಸಬರಿಗೆ ತರಗತಿ ಇದೆಯೇ, ಚಾವಣಿಯಿರುವ ಅಂಕಣ ಇದೆಯೇ ಎಂಬುದೆಲ್ಲ ಅಲ್ಲೇ ಇರಲಿ.

ವರ್ತಕರ ಮತ್ತು ತಯಾರಕರ ಸಂಘದ ಲೆಕ್ಕವೇ ಬೇರೆ. ಚಿಲ್ಲರೆ ಗಿರಾಕಿಗೆ ಬಹಳ ಸಲ ಇದರ ಹೆಸರೇ ಗೊತ್ತಿರುವುದಿಲ್ಲ. ಅಂಗಡಿ ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿದ ಮಾತ್ರಕ್ಕೆ ವ್ಯಾಪಾರ ಏರುವುದಿಲ್ಲ. ಲಾಭ ಬರುವುದು ಸಗಟು ಸಂಪರ್ಕಗಳಿಂದ, ಮೇಳಗಳಿಂದ. ಸ್ಟಾಲ್ ಹಾಕುವುದಾದರೆ ಸದಸ್ಯರ ಪಟ್ಟಿ ಹಿಡಿದು ಮೊದಲೇ ಭೇಟಿಯ ಸಮಯ ಗೊತ್ತುಮಾಡಿಕೊಳ್ಳಿ. ಸುಮ್ಮನೆ ನಿಂತರೆ ಕೈಗೆ ಬರುವುದು ವಿಸಿಟಿಂಗ್ ಕಾರ್ಡ್ ಮಾತ್ರ. ಉತ್ಪನ್ನಕ್ಕೇ ಗುರುತು ಕೊಡುವ ಸಂಘವಾದರೆ ಮಾತ್ರ ಚಿಲ್ಲರೆಯಲ್ಲೂ ನೇರ ಲಾಭ. ಬ್ರಿಟನ್ನಿನ ಕುದುರೆ ಸವಾರಿ ಸಾಮಗ್ರಿ ವರ್ತಕರ ಸಂಘವಾದ ಬೇಟಾ (BETA) ಸವಾರರ ರಕ್ಷಾಕವಚಗಳಿಗೆ ಮಾನದಂಡ ಇಟ್ಟಿದೆ. ಮೇವಿಗೆ ಅದರದೇ ನಾಪ್ಸ್ (NOPS) ಗುರುತು ಇದೆ, ಸಹಜವಾಗಿ ಬೆರೆಯುವ ನಿಷಿದ್ಧ ವಸ್ತುಗಳ ಅಪಾಯ ತಗ್ಗಿಸಲೆಂದು. ಗಸಗಸೆಯಿಂದ ಮಾರ್ಫಿನ್, ಕೋಕೋದಿಂದ ಥಿಯೋಬ್ರೊಮೈನ್ ಮೇವಿಗೆ ಬೆರೆತರೆ ಸ್ಪರ್ಧೆಯ ಕುದುರೆ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಹಾಗಾಗಿ ರೇಸಿನ ತರಬೇತುದಾರರು ಚೀಲದ ಮೇಲೆ ಆ ಗುರುತು ಹುಡುಕುತ್ತಾರೆ. ಇಂಥ ಗುರುತು ಸಂಘ ಒಪ್ಪಿದ ಮಾಲಿಗೆ ಸಲ್ಲುವುದು. ಅದನ್ನು ಇಡೀ ಅಂಗಡಿಯ ಜಾಹೀರಾತಿಗೆ ಬಳಸಿದರೆ ತಕರಾರು ಖಂಡಿತ.

ತಳಿ ಸಂಘ ಮರಿ ಮಾರುವವರಿಗೆ ಅನಿವಾರ್ಯ, ಉಳಿದವರಿಗೆ ಬೇಕಿಲ್ಲ. 1940ರಲ್ಲಿ ಶುರುವಾದ ಅಮೆರಿಕನ್ ಕ್ವಾರ್ಟರ್ ಹಾರ್ಸ್ ಅಸೋಸಿಯೇಷನ್ನಿನಂಥ ಕಡೆ ವಂಶಾವಳಿಯ ನೋಂದಣಿಯೇ ದೊಡ್ಡ ಪ್ರಚಾರ.

ಯಾವುದನ್ನು ಆರಿಸಿದರೂ ಗಿರಾಕಿ ಎಲ್ಲಿಂದ ಬಂದನೆಂದು ತಿಳಿಯುವಂತೆ ಪ್ರತಿ ಸಂಘದ ಪಟ್ಟಿಗೆ ಪ್ರತ್ಯೇಕ ಲಿಂಕ್ ಕೊಡಿ, ಕರೆ ಮಾಡಿದವರನ್ನು "ನಮ್ಮ ಬಗ್ಗೆ ಎಲ್ಲಿ ನೋಡಿದಿರಿ" ಎಂದು ಕೇಳಿ ಬರೆದಿಡಿ. ನವೀಕರಣಕ್ಕೆ ಮುನ್ನ ಶುಲ್ಕವನ್ನು ಖಾಯಂ ಆದ ಗಿರಾಕಿಗಳ ಸಂಖ್ಯೆಯಿಂದ ಭಾಗಿಸಿ, ಅದೇ ಗಿರಾಕಿ ಸರ್ಚ್ ಜಾಹೀರಾತಿನಿಂದ ಎಷ್ಟಕ್ಕೆ ಸಿಗುತ್ತಾನೆ ಎಂದು ತಾಳೆ ನೋಡಿ. ಸದಸ್ಯತ್ವ ಬಿಟ್ಟ ದಿನವೇ ಲೋಗೋವನ್ನು ವೆಬ್‌ಸೈಟ್, ಬಿಲ್ ಪುಸ್ತಕ, ವಾಹನ ಎಲ್ಲದರಿಂದಲೂ ತೆಗೆಯಿರಿ.