ಕಡಿಮೆ ರೇಟಿನ ಮಾನಿಟರ್, ಹಳೇ ಜಿಪಿಎಸ್: ದುಡ್ಡು ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಕಡಿಮೆ ರೇಟಿಗೆ ಮಾನಿಟರ್ ತರೋಣ, ಕೈಯಲ್ಲಿ ಹಿಡಿಯುವ ಜಿಪಿಎಸ್ ಸಿಕ್ಕರೆ ಅದನ್ನೂ ನೋಡೋಣ ಅಂತ ಯಾರಾದರೂ ಅಂದುಕೊಂಡಿದ್ದರೆ, ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಆ ರಸ್ತೆಯಲ್ಲಿ ಒಳ್ಳೆ ಅಂಗಡಿಗಳು ಬೇಕಾದಷ್ಟಿವೆ. ಕೇಬಲ್ಲು, ರ‍್ಯಾಮು, ಹಾರ್ಡ್ ಡಿಸ್ಕು ಎಲ್ಲಾ ನಾವು ವರ್ಷಗಳಿಂದ ಅಲ್ಲೇ ತಗೊಂಡಿದ್ದೇವೆ. ಆದರೆ ಹಳೇ ಮಾಲಿಗೆ ಹೊಸ ಸ್ಟಿಕ್ಕರ್ ಅಂಟಿಸಿ ಮಾರುವವರೂ ಅದೇ ಸಾಲಿನಲ್ಲಿ ಕೂತಿದ್ದಾರೆ. ಅಂಥ ಒಬ್ಬರ ಹತ್ತಿರ ನಾವು ಕಳೆದುಕೊಂಡಿದ್ದನ್ನು ನೀವು ಕಳೆದುಕೊಳ್ಳಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಅಂಗಡಿ ಹೆಸರು ಹಾಕುವುದಿಲ್ಲ, ದೂರು ಇನ್ನೂ ನಡೆಯುತ್ತಿದೆ.

ನಮ್ಮದು ಸಾಗರದ ಹತ್ತಿರ ಒಂದು ಸಣ್ಣ ಆಫೀಸು. ಕೆರೆ, ಕಾಲುವೆ, ತೋಟಗಳ ನಕ್ಷೆ ಮಾಡಿಕೊಡುತ್ತೇವೆ. ಕ್ಯೂಜಿಐಎಸ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಇಡೀ ದಿನ ಸಣ್ಣ ಸಣ್ಣ ಗೆರೆ ನೋಡುವ ಕೆಲಸ. ಪರದೆ ಮಸುಕಾದರೆ ಕಣ್ಣು ಹೋಗುತ್ತದೆ, ಕೆಲಸವೂ ಕೆಡುತ್ತದೆ. 2025ರ ಜನವರಿಯಲ್ಲಿ ನಾಲ್ಕು ಮಾನಿಟರ್, ಎರಡು ಜಿಪಿಎಸ್ ಒಂದೇ ಕಡೆ ತಗೊಂಡೆವು. ಮಾನಿಟರ್ ಒಂದಕ್ಕೆ 3,500 ರೂಪಾಯಿ.

"ಎಲ್ಲಾ ಐಟಿ ಕಂಪನಿಯಿಂದ ಬಂದಿರೋ ಮಾಲು ಸರ್. 22 ಇಂಚು, ಫುಲ್ ಎಚ್‌ಡಿ, ಎಲ್‌ಇಡಿ. ಕಣ್ಮುಚ್ಚಿ ತಗೊಳ್ಳಿ, ಒಂದು ವರ್ಷ ವಾರಂಟಿ ನಮ್ದು" ಅಂದರು. ಅಲ್ಲೇ ಹಾಕಿಯೂ ತೋರಿಸಿದರು. ಸಮುದ್ರದೊಳಗಿನ ಮೀನು, ಹೂವು, ಬಣ್ಣಬಣ್ಣದ ವಿಡಿಯೋ. ಅಂಥ ವಿಡಿಯೋದಲ್ಲಿ ಎಂಥಾ ಮಾನಿಟರ್ ಆದರೂ ಚೆನ್ನಾಗಿಯೇ ಕಾಣುತ್ತದೆ. ತಪ್ಪು ಗೊತ್ತಾಗುವುದು ಬಿಳಿ ಹಾಳೆಯ ಮೇಲಿನ ಕಪ್ಪು ಅಕ್ಷರದಲ್ಲಿ.

ಆಫೀಸಿಗೆ ತಂದು ಹಾಕಿದಾಗ ಎರಡರಲ್ಲಿ ಅಕ್ಷರ ಕದಡಿದ ಹಾಗೆ ಕಾಣಿಸಿತು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ 1920×1080 ಅಂತಲೇ ಇದೆ, ಅಂದರೆ ಅಡ್ಡಕ್ಕೆ 1920 ಚುಕ್ಕೆ, ಮೇಲಿಂದ ಕೆಳಕ್ಕೆ 1080 ಸಾಲು, ಫುಲ್ ಎಚ್‌ಡಿ ಅನ್ನುವುದು ಇದನ್ನೇ. ಕೇಬಲ್ ಬದಲಾಯಿಸಿದೆವು, ಡ್ರೈವರ್ ಹಾಕಿದೆವು, ಏನೂ ಆಗಲಿಲ್ಲ. ಕೊನೆಗೆ ಆಫೀಸಿನ ಹುಡುಗ ಟೇಪ್ ತಂದು ಬೆಳಕು ಬರುವ ಭಾಗವನ್ನು ಮೂಲೆಯಿಂದ ಮೂಲೆಗೆ ಅಳೆದ. 20 ಇಂಚು! 22 ಅಲ್ಲವೇ ಅಲ್ಲ. ಫೋನ್ ಮಾಡಿ ಕೇಳಿದರೆ "ಫ್ರೇಮ್ ಸೇರಿಸಿ 22 ಸರ್" ಅನ್ನುವ ಉತ್ತರ. ಇದು ಸುಳ್ಳು. ಮಾನಿಟರ್ ಅಳತೆ ಅಂದರೆ ಪರದೆಯ ಕರ್ಣದ ಅಳತೆ, ಫ್ರೇಮಿನದ್ದಲ್ಲ.

20 ಇಂಚಿನ ಹಳೇ ಪ್ಯಾನೆಲ್‌ಗಳಲ್ಲಿ, ಅಂದರೆ ಪರದೆಗಳಲ್ಲಿ, 1600×900 ಇರುವುದು ಸಾಮಾನ್ಯ. ನಮ್ಮವೂ ಹಾಗೇ ಇದ್ದವು. ಹಾಗಾದರೆ ಕಂಪ್ಯೂಟರ್ ಯಾಕೆ 1920×1080 ಅನ್ನುತ್ತದೆ? ಮಾನಿಟರ್ ಒಳಗೆ ಒಂದು ಬೋರ್ಡ್ ಇರುತ್ತದೆ. "ನಾನು ಇಂಥ ಕಂಪನಿ, ನನ್ನ ಅಳತೆ ಇಷ್ಟು" ಅಂತ ಕಂಪ್ಯೂಟರಿಗೆ ಹೇಳುವುದು ಆ ಬೋರ್ಡು. ಇದಕ್ಕೆ ಇಡಿಐಡಿ ಅನ್ನುತ್ತಾರೆ. ಹಳೇ ಪ್ಯಾನೆಲ್ಲಿಗೆ ಅಗ್ಗದ ಬೋರ್ಡ್ ಜೋಡಿಸಿ, ಹೊಸ ಪ್ಲಾಸ್ಟಿಕ್ ಕವಚ ಹಾಕಿದಾಗ ಬೋರ್ಡಿಗೆ ಏನು ಬರೆದುಕೊಟ್ಟರೂ ಅದು ಅದನ್ನೇ ಒಪ್ಪಿಸುತ್ತದೆ. 1080 ಸಾಲಿನ ಚಿತ್ರ ತಗೊಂಡು 900 ಸಾಲಿಗೆ ಕುಗ್ಗಿಸುತ್ತದೆ, ಅಕ್ಷರ ಮಸುಕಾಗುವುದು ಅದಕ್ಕೇ. ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ತೋರಿಸುವ ಅಂಕಿ ನಂಬಬೇಡಿ.

ಇದನ್ನು ಅಂಗಡಿಯಲ್ಲೇ ಹಿಡಿಯಬಹುದು, ದೊಡ್ಡ ವಿದ್ಯೆ ಏನಲ್ಲ. ಮನೆಯಲ್ಲೇ 1920×1080 ಅಳತೆಯ ಒಂದು ಚಿತ್ರ ಮಾಡಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ: ಒಂದು ಪಿಕ್ಸೆಲ್ (ಪರದೆಯ ಒಂದು ಚುಕ್ಕೆ) ದಪ್ಪದ ಕಪ್ಪು ಗೆರೆ, ಒಂದು ಪಿಕ್ಸೆಲ್ ಬಿಳಿ ಗೆರೆ, ಮತ್ತೆ ಕಪ್ಪು, ಮತ್ತೆ ಬಿಳಿ. ಇದನ್ನು ಸ್ಕೇಲಿಂಗ್ (ವಿಂಡೋಸ್ ಎಲ್ಲವನ್ನೂ ಹಿಗ್ಗಿಸಿ ತೋರಿಸುವ ಸೆಟ್ಟಿಂಗ್) 100 ಪರ್ಸೆಂಟ್ ಇಟ್ಟು ಇಡೀ ಪರದೆ ತುಂಬ ತೆರೆಯಿರಿ. ನಿಜವಾದ ಫುಲ್ ಎಚ್‌ಡಿ ಆದರೆ ಎಲ್ಲಾ ಕಡೆ ಒಂದೇ ಸಮ ಬೂದು ಬಣ್ಣ ಕಾಣುತ್ತದೆ, ಹತ್ತಿರ ಹೋದರೆ ಸಣ್ಣ ಗೆರೆ ಕಾಣುತ್ತವೆ. ಸುಳ್ಳು ಪ್ಯಾನೆಲ್ ಆದರೆ ದಪ್ಪ ದಪ್ಪ ಪಟ್ಟೆಗಳು ಏಳುತ್ತವೆ, ಕೆಲವು ಕಡೆ ಗೆರೆ ಕರಗಿಯೇ ಹೋಗಿರುತ್ತದೆ. ನಮ್ಮ ಎರಡು ಮಾನಿಟರಿನಲ್ಲಿ ಸೀರೆಯ ಪಟ್ಟೆ ಥರ ಕಂಡಿತು. ಅದರ ಜೊತೆಗೆ ಪೂರ್ತಿ ಕೆಂಪು, ಪೂರ್ತಿ ಹಸಿರು, ನೀಲಿ, ಬಿಳಿ, ಕಪ್ಪು ಚಿತ್ರಗಳನ್ನೂ ಹಾಕಿ ನೋಡಿ. ಸತ್ತ ಪಿಕ್ಸೆಲ್ ಇದ್ದರೆ ಅಲ್ಲೇ ಕಾಣುತ್ತದೆ. ಕಪ್ಪು ಹಾಕಿದಾಗ ಅಂಚಿನಿಂದ ಬೆಳಕು ಸೋರುತ್ತದಾ ಅಂತಲೂ ನೋಡಿ.

ಮೂರನೇ ಮಾನಿಟರಿನದ್ದು ಬೇರೆ ಕಥೆ. ಅದರ ಮೇಲೂ ಎಲ್‌ಇಡಿ ಅಂತಲೇ ಬರೆದಿದೆ. ಬೆಳಗ್ಗೆ ಆನ್ ಮಾಡಿದರೆ ಮೊದಲು ಮಂಕಾಗಿ, ಸ್ವಲ್ಪ ಕೆಂಪಗೆ ಹತ್ತಿಕೊಳ್ಳುತ್ತದೆ, ಆಮೇಲೆ ನಿಧಾನಕ್ಕೆ ಬೆಳಕು ಏರುತ್ತದೆ. ಎಲ್‌ಇಡಿ ಹಾಗೆ ಮಾಡುವುದಿಲ್ಲ. ಅದು ಹಳೇ ಕಾಲದ ಸಿಸಿಎಫ್‌ಎಲ್, ಅಂದರೆ ಪರದೆಯ ಹಿಂದೆ ಸಣ್ಣ ಟ್ಯೂಬ್‌ಲೈಟ್ ಇರುವ ಮಾಡೆಲ್, ಅದರಲ್ಲಿ ಪಾದರಸವೂ ಇರುತ್ತದೆ. ಹಿಂದಿನ ಸ್ಟಿಕ್ಕರಿನ ಒಂದು ಮೂಲೆ ಸ್ವಲ್ಪ ಎದ್ದಿತ್ತು. ಉಗುರಲ್ಲಿ ಮೆಲ್ಲಗೆ ಬಿಡಿಸಿದೆ. ಕೆಳಗೆ ಇನ್ನೊಂದು ಲೇಬಲ್, ತಯಾರಾದ ವರ್ಷ 2009.

ನಾಲ್ಕನೆಯದು ಚೆನ್ನಾಗಿದೆ. ಇದನ್ನು ಹೇಳಲೇಬೇಕು, ಯಾಕೆಂದರೆ ಅದೊಂದೇ ಮೂಲ ಕಂಪನಿಯ ಲೇಬಲ್ ಇದ್ದ ಮಾನಿಟರ್, ಕವಚವೂ ಮೂಲದ್ದೇ. ಸೆಕೆಂಡ್ ಹ್ಯಾಂಡ್ ಬೇಕು ಅಂದರೆ ಇಂಥದ್ದನ್ನೇ ಹುಡುಕಿ. ಆಫೀಸುಗಳಿಂದ ಬರುವ ಡೆಲ್ ಥರದ ಮಾನಿಟರಿನ ಹಿಂದೆ ಸರ್ವಿಸ್ ಟ್ಯಾಗ್ ಇರುತ್ತದೆ, ಅದನ್ನು ಕಂಪನಿಯ ತಾಣದಲ್ಲಿ ಹಾಕಿದರೆ ಮಾಡೆಲ್ ಯಾವುದು ಅಂತ ಗೊತ್ತಾಗುತ್ತದೆ. ಸ್ವಲ್ಪ ಗೀಚು ಬಿದ್ದಿದ್ದರೂ ಪರವಾಗಿಲ್ಲ. ಹೊಳೆಯುವ ಹೊಸ ಬಾಕ್ಸು, ಕೇಳಿರದ ಹೆಸರು, ಅರ್ಧ ರೇಟು, ಈ ಮೂರೂ ಸೇರಿದರೆ ಮುಟ್ಟಲೇಬೇಡಿ.

ಅಡಾಪ್ಟರ್ ಬಗ್ಗೆ ಒಂದು ಮಾತು. ಜೊತೆಗೆ ಕೊಟ್ಟಿದ್ದ 12 ವೋಲ್ಟಿನ ಅಡಾಪ್ಟರ್ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗುತ್ತಿತ್ತು. ಅದರ ಮೇಲೆ ಬಿಐಎಸ್ (ಸಾಮಾನಿನ ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ) ಗುರುತೇ ಇರಲಿಲ್ಲ. ನಮ್ಮಲ್ಲಿ ಎಲೆಕ್ಟ್ರಾನಿಕ್ ಸಾಮಾನಿಗೆ ಕಡ್ಡಾಯ ನೋಂದಣಿಯ ಆದೇಶ ಬಂದಿದ್ದು 2012ರಲ್ಲಿ. ಈಗ ಮಾನಿಟರ್, ಅಡಾಪ್ಟರ್ ಎರಡೂ ಅದರೊಳಗೆ ಬರುತ್ತವೆ. ಹೊಸದು ಅಂತ ಮಾರುವ ವಸ್ತುವಿನ ಮೇಲೆ ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿ, ಯಾವ ವಸ್ತು ಅಂತ ಬರುತ್ತದೆ. ಅಲ್ಲೇ ನಿಂತುಕೊಂಡು ನೋಡಬಹುದು.

ಇನ್ನು ಜಿಪಿಎಸ್. ನನಗೆ ಜಾಸ್ತಿ ಬೇಜಾರಾಗಿದ್ದು ಇದರಲ್ಲೇ.

ಒಂದು ಹಳೇ ಸೆಟ್, ಪ್ರಸಿದ್ಧ ಕಂಪನಿಯದ್ದು, ಎರಡು ಎಎ ಸೆಲ್ ಹಾಕುವಂಥದ್ದು. ಅಂಗಡಿಯಲ್ಲಿ ಆನ್ ಮಾಡಿ ತೋರಿಸಿದರು, ಸಿಗ್ನಲ್ ಬರಲಿಲ್ಲ, "ಹೊರಗೆ ಹೋದ್ರೆ ಸಿಗುತ್ತೆ ಸರ್" ಅಂದರು. ಆ ಮಾತು ಅರ್ಧ ನಿಜ, ಅದಕ್ಕೇ ಅಪಾಯ. ಬಹಳ ದಿನ ಸುಮ್ನೆ ಬಿದ್ದಿದ್ದ ಜಿಪಿಎಸ್ಸಿಗೆ ಉಪಗ್ರಹಗಳ ಪಟ್ಟಿ ಪೂರ್ತಿ ಸಿಗಲು 12.5 ನಿಮಿಷ ಬೇಕು, ಅದೂ ತೆರೆದ ಆಕಾಶದ ಕೆಳಗೆ. ಎಸ್‌ಪಿ ರೋಡಿನ ಗಲ್ಲಿಯಲ್ಲಿ ಆಕಾಶವೇ ಒಂದು ಪಟ್ಟಿಯಷ್ಟು ಕಾಣುತ್ತದೆ, ಕಟ್ಟಡಕ್ಕೆ ಬಡಿದು ಬರುವ ಸಿಗ್ನಲ್ ಬೇರೆ. ಹಾಗಾಗಿ ಅಂಗಡಿಯಲ್ಲಿ ಹಳೇ ಜಿಪಿಎಸ್ ಪರೀಕ್ಷೆ ಮಾಡುವುದಕ್ಕೆ ಆಗುವುದೇ ಇಲ್ಲ. ಕಟ್ಟಡದ ತಾರಸಿಗಾದರೂ ತಗೊಂಡು ಹೋಗಿ ಅರ್ಧ ಗಂಟೆ ಇಟ್ಟು ನೋಡಲು ಬಿಡದವರ ಹತ್ತಿರ ತಗೊಳ್ಳಬೇಡಿ.

ಊರಿಗೆ ತಂದು ಬಯಲಲ್ಲಿ ಇಟ್ಟಾಗ ಸಿಗ್ನಲ್ ಬಂತು. ಜಾಗವೂ ಬಂತು. ದಿನಾಂಕ ನೋಡಿದರೆ 2005ರ ಜೂನ್! ನಾವಿದ್ದದ್ದು 2025ರ ಜನವರಿಯಲ್ಲಿ. ಇದು ಗಡಿಯಾರ ತಪ್ಪಿದ್ದಲ್ಲ. ಜಿಪಿಎಸ್ ವ್ಯವಸ್ಥೆ ವಾರಗಳನ್ನು 0ಯಿಂದ 1023ರವರೆಗೆ ಎಣಿಸುತ್ತದೆ, ಆಮೇಲೆ ಮತ್ತೆ 0. ಎಣಿಕೆ ಶುರುವಾಗಿದ್ದು 1980ರ ಜನವರಿಯಲ್ಲಿ, ಒಮ್ಮೆ ಸುತ್ತಿ ಬಂದಿದ್ದು 1999ರ ಆಗಸ್ಟಿನಲ್ಲಿ, ಎರಡನೇ ಸಲ 2019ರ ಏಪ್ರಿಲ್‌ನಲ್ಲಿ. ಸರಿಯಾದ ಸಾಫ್ಟ್‌ವೇರ್ ಇಲ್ಲದ ಹಳೇ ಸೆಟ್‌ಗಳು 1024 ವಾರ, ಅಂದರೆ ಹತ್ತೊಂಬತ್ತೂವರೆ ವರ್ಷಕ್ಕಿಂತ ಸ್ವಲ್ಪ ಜಾಸ್ತಿ, ಹಿಂದಕ್ಕೆ ಹೋಗಿಬಿಡುತ್ತವೆ. ಜಾಗ ಸರಿ ತೋರಿಸಿದರೆ ಸಾಕಲ್ವಾ ಅನ್ನಬೇಡಿ. ನಾವು ಕೆರೆ ಏರಿ ಮೇಲೆ ನಡೆಯುತ್ತಾ ಫೋಟೋ ತೆಗೆಯುತ್ತೇವೆ, ಫೋಟೋದ ಸಮಯ ಮತ್ತು ಜಿಪಿಎಸ್ ದಾರಿಯ ಸಮಯ ತಾಳೆ ನೋಡಿ ಯಾವ ಫೋಟೋ ಎಲ್ಲಿಯದು ಅಂತ ನಕ್ಷೆಯಲ್ಲಿ ಕೂರಿಸುತ್ತೇವೆ. ದಿನಾಂಕವೇ ಇಪ್ಪತ್ತು ವರ್ಷ ಹಿಂದೆ ಇದ್ದರೆ ಒಂದೂ ಕೂರುವುದಿಲ್ಲ. ತಗೊಳ್ಳುವಾಗ ಸಿಗ್ನಲ್ ಬಂದ ಮೇಲೆ ಮೊದಲು ದಿನಾಂಕ ನೋಡಿ. ಅದು ತಪ್ಪಿದ್ದರೆ ಆ ಮಾಡೆಲ್ಲಿಗೆ ಕಂಪನಿ ಅಪ್‌ಡೇಟ್ ಕೊಟ್ಟಿದೆಯಾ ಅಂತ ಹುಡುಕಿ, ಇಲ್ಲದಿದ್ದರೆ ಬಿಟ್ಟುಬಿಡಿ.

ಅದೇ ಸೆಟ್‌ನಲ್ಲಿ ಇನ್ನೊಂದು ತೊಂದರೆ ಇತ್ತು, ಇದನ್ನು ಸರಿಮಾಡಿಕೊಳ್ಳಬಹುದು. ಹಿಂದೆ ಇಟ್ಟುಕೊಂಡಿದ್ದವರು ಡೇಟಮ್ ಅನ್ನುವ ಸೆಟ್ಟಿಂಗನ್ನು (ಭೂಮಿಯ ಆಕಾರವನ್ನು ಯಾವ ಲೆಕ್ಕದಲ್ಲಿ ಹಿಡಿದು ಜಾಗ ಹೇಳಬೇಕು ಅನ್ನುವುದು) ಹಳೇ ಎವರೆಸ್ಟ್ ಲೆಕ್ಕಕ್ಕೆ ಇಟ್ಟಿದ್ದರು, ಸರ್ವೆ ಆಫ್ ಇಂಡಿಯಾದ ಹಳೇ ನಕ್ಷೆಗಳಿಗೆ ಅದೇ ಬೇಕು. ಆದರೆ ಅದರಲ್ಲಿ ಬರುವ ಅಂಕಿಯನ್ನು ಫೋನಿನ ಮ್ಯಾಪಿನಲ್ಲಿ ಹಾಕಿದರೆ ಜಾಗ ನೂರು ಮೀಟರಿಗಿಂತ ಜಾಸ್ತಿ ಪಕ್ಕಕ್ಕೆ ಹೋಗುತ್ತದೆ. ನಮ್ಮ ಕೆರೆಯ ತೂಬು ಗದ್ದೆ ನಡುವೆ ಬಂದು ನಿಂತಿತ್ತು. ಹಳೇ ಸೆಟ್ ತಗೊಂಡರೆ ಡೇಟಮ್ ಡಬ್ಲ್ಯುಜಿಎಸ್ 84, ಅಂದರೆ ಫೋನಿನ ಮ್ಯಾಪ್ ಬಳಸುವ ಲೆಕ್ಕ, ಇದೆಯಾ ನೋಡಿ. ಸೆಲ್ ಹಾಕುವ ಜಾಗವನ್ನೂ ತೆಗೆದು ನೋಡಿ, ಸ್ಪ್ರಿಂಗಿನ ಮೇಲೆ ಬಿಳಿ, ಹಸಿರು ಪುಡಿ ಕಂಡರೆ ಸೆಲ್ ಸೋರಿದೆ ಅಂತ ಅರ್ಥ.

ಎರಡನೆಯದು "ಜಮೀನು ಅಳೆಯುವ ಜಿಪಿಎಸ್", ಹೊಸದು, ಹೆಸರು ಕೇಳಿರದ ಕಂಪನಿ. "ಸೆಂಟಿಮೀಟರ್ ಲೆಕ್ಕ ಬರುತ್ತೆ ಸರ್, ಸರ್ವೆಯರ್ರೇ ಬೇಡ" ಅಂದರು. ಬೇಸಾಯ ಮಾಡುವವರು ದಯವಿಟ್ಟು ಇದನ್ನು ಗಮನ ಇಟ್ಟು ಓದಿ. ಕೈಯಲ್ಲಿ ಹಿಡಿಯುವ ಸಾಮಾನ್ಯ ಜಿಪಿಎಸ್, ಒಳ್ಳೆ ಕಂಪನಿಯದ್ದೇ ಆಗಲಿ, ಬಯಲಲ್ಲಿ 3ರಿಂದ 5 ಮೀಟರ್ ಆಚೀಚೆ ತೋರಿಸುತ್ತದೆ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ ಪ್ರತಿ ಬದಿ ಸುಮಾರು 10 ಮೀಟರ್. ಹತ್ತು ಮೀಟರಿನ ಬದಿಯಲ್ಲಿ ಐದು ಮೀಟರ್ ತಪ್ಪಾದರೆ ಉಳಿಯುವುದೇನು? 30×40 ಸೈಟಿನ ಕಥೆಯೂ ಅಷ್ಟೇ. ಸೆಂಟಿಮೀಟರ್ ಲೆಕ್ಕ ಬರಬೇಕಾದರೆ ಆರ್‌ಟಿಕೆ ಅನ್ನುವ ಬೇರೆ ವ್ಯವಸ್ಥೆ ಬೇಕು: ಜಾಗ ಖಚಿತವಾಗಿ ಗೊತ್ತಿರುವ ಕಡೆ ಒಂದು ಯಂತ್ರ ನಿಂತು ತಿದ್ದುಪಡಿ ಕಳಿಸುತ್ತಿರಬೇಕು, ಇನ್ನೊಂದು ಅದನ್ನು ತಗೊಳ್ಳುತ್ತಿರಬೇಕು. ಕೆಲವು ಸಾವಿರಕ್ಕೆ ಸಿಗುವ ಒಂಟಿ ಪೆಟ್ಟಿಗೆಯಿಂದ ಅದು ಆಗುವುದಿಲ್ಲ.

ನಾವು ಅದನ್ನು ಹಿಡಿದು ಅಡಿಕೆ ತೋಟದ ಬೇಲಿ ಸುತ್ತ ನಡೆದೆವು. ಪಹಣಿಯಲ್ಲಿ ಒಂದು ಎಕರೆ ಹತ್ತು ಗುಂಟೆ ಇರುವ ತೋಟ. ಒಂದು ಸುತ್ತಿಗೆ ಎರಡು ಗುಂಟೆ ಜಾಸ್ತಿ, ಇನ್ನೊಂದು ಸುತ್ತಿಗೆ ಮೂರು ಗುಂಟೆ ಕಡಿಮೆ. ಮರದ ಕೆಳಗೆ ಸಿಗ್ನಲ್ ಇನ್ನೂ ಕೆಡುತ್ತದೆ. ಈ ಅಂಕಿ ಹಿಡಿದುಕೊಂಡು ಪಕ್ಕದವರ ಹತ್ತಿರ ಬೇಲಿ ಜಗಳಕ್ಕೆ ನಿಂತರೆ ಎಷ್ಟು ಮನೆ ಮುರಿಯುತ್ತದೆ ಯೋಚನೆ ಮಾಡಿ. ಗಡಿ ತಕರಾರು ಇದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆಯರ್ ಕೈಯಲ್ಲಿ ಅಳೆಸಿ. ತೋಟದಲ್ಲಿ ಅಂದಾಜು ಎಷ್ಟು ಜಾಗ ಅಂತಷ್ಟೇ ಬೇಕಿದ್ದರೆ ನಿಮ್ಮ ಫೋನೇ ಸಾಕು, ಉಚಿತ ಆ್ಯಪ್ ಇವೆ. ಬೇರೆ ಜಿಪಿಎಸ್ ಬೇಕಾಗುವುದು ಮಳೆಯಲ್ಲಿ ತಿರುಗುವವರಿಗೆ, ಕರೆಂಟಿಲ್ಲದ ಕಡೆ ಸೆಲ್ ಬದಲಾಯಿಸುತ್ತಾ ಇಡೀ ದಿನ ಕೆಲಸ ಮಾಡುವವರಿಗೆ.

ಇನ್ನೊಂದು ವಿಷಯ, ಚಾರಣಕ್ಕೆ ಹೋಗುವವರಿಗೆ. ಅದೇ ಅಂಗಡಿಯವರು "ನೆಟ್‌ವರ್ಕ್ ಇಲ್ಲದ ಕಡೆನೂ ಮೆಸೇಜ್ ಹೋಗೋ ಜಿಪಿಎಸ್ ಇದೆ, ಕುದುರೆಮುಖ ಕಡೆ ಹೋಗೋರು ತಗೊಳ್ತಾರೆ" ಅಂತ ಒಂದನ್ನು ತೆಗೆದು ತೋರಿಸಿದರು. ಅದು ಗಾರ್ಮಿನ್ ಇನ್‌ರೀಚ್, ಇರಿಡಿಯಂ ಉಪಗ್ರಹದ ಮೂಲಕ ಸಂದೇಶ ಕಳಿಸುವಂಥದ್ದು. ಹೊರದೇಶಗಳಲ್ಲಿ ಜೀವ ಉಳಿಸುವ ಸಾಧನ, ಆ ಮಾತು ನಿಜ. ಆದರೆ ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವ ಹಾಗೇ ಇಲ್ಲ. ವಿಮಾನ ನಿಲ್ದಾಣಗಳಲ್ಲಿ ಇದನ್ನು ಇಟ್ಟುಕೊಂಡಿದ್ದ ವಿದೇಶಿ ಪ್ರವಾಸಿಗಳನ್ನು ಪೊಲೀಸರು ಹಿಡಿದಿದ್ದಾರೆ. ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಬೇಡ ಅಂತ ಎದ್ದು ಬನ್ನಿ. ವಿದೇಶದಿಂದ ಬರುವ ಅಣ್ಣತಮ್ಮಂದಿರಿಗೂ ತರಬೇಡಿ ಅಂತ ಹೇಳಿ.

ಬಿಲ್ ವಿಷಯಕ್ಕೆ ಬರುತ್ತೇನೆ. "ಜಿಎಸ್‌ಟಿ ಬಿಲ್ ಬೇಕಾದ್ರೆ 18 ಪರ್ಸೆಂಟ್ ಜಾಸ್ತಿ ಆಗುತ್ತೆ" ಅಂದರು. ನಾವು ಆಫೀಸಿಗೆ ಬಿಲ್ ಬೇಕೇ ಬೇಕು ಅಂತ ಪಟ್ಟು ಹಿಡಿದು ತಗೊಂಡೆವು, ಈಗ ಕೈ ಹಿಡಿದಿರುವುದು ಅದೊಂದೇ. ಆದರೆ ಬಿಲ್ಲಿನಲ್ಲಿ ಮಾಡೆಲ್ಲೂ ಇಲ್ಲ, ಸೀರಿಯಲ್ ನಂಬರೂ ಇಲ್ಲ, ಸುಮ್ನೆ ಎಲೆಕ್ಟ್ರಾನಿಕ್ ಐಟಂ ಅಂತ ಬರೆದಿದ್ದಾರೆ. ನೀವು ಬರೆಸುವಾಗ ಇಂಚು, ರೆಸಲ್ಯೂಶನ್, ಸೀರಿಯಲ್ ನಂಬರ್, ಹೊಸದೋ ಹಳೆಯದೋ, ಎಲ್ಲಾ ಬರೆಸಿ. ಯುಪಿಐನಲ್ಲಿ ದುಡ್ಡು ಹಾಕುವಾಗ ಬರುವ ಹೆಸರು ಅಂಗಡಿಯದ್ದೇನಾ ನೋಡಿ.

ಬಿಲ್ಲಿನ ಕೆಳಗೆ "ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಅಂತ ಅಚ್ಚು ಹಾಕಿಸಿದ್ದರು, ಅದನ್ನೇ ತೋರಿಸಿ ನಮ್ಮ ಬಾಯಿ ಮುಚ್ಚಿಸಲು ನೋಡಿದರು. ಈ ಸಾಲಿಗೆ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷ ಇರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಂಡು ದುಡ್ಡು ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದರಲ್ಲೇ ಬರುತ್ತದೆ. ಆ 30 ದಿನ ಮುಖ್ಯ. ತಂದ ಮಾಲನ್ನು ಮೂಲೆಗೆ ಇಡಬೇಡಿ, ಕೂಡಲೇ ಪರೀಕ್ಷೆ ಮಾಡಿ, ದೋಷ ಕಂಡರೆ ವಿಡಿಯೋ ತೆಗೆದು ಬರಹದಲ್ಲೇ ತಿಳಿಸಿ.

ನಾವು 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆವು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಟೇಪ್ ಹಿಡಿದ ಫೋಟೋ, ಪಟ್ಟೆ ಕಾಣುವ ವಿಡಿಯೋ, ಸ್ಟಿಕ್ಕರ್ ಕೆಳಗಿನ ಲೇಬಲ್ಲು ಎಲ್ಲಾ ಕಳಿಸಿದ ಮೇಲೆ ಅಂಗಡಿಯವರು ಮೂರು ಮಾನಿಟರಿನ ದುಡ್ಡು ವಾಪಸ್ ಹಾಕಿದರು. ಜಿಪಿಎಸ್ ದುಡ್ಡು ಕೊಟ್ಟಿಲ್ಲ, "ಅದು ನೀವು ನೋಡಿಯೇ ತಗೊಂಡಿದ್ದು" ಅನ್ನುತ್ತಿದ್ದಾರೆ. ಅದಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಇ-ಜಾಗೃತಿ ತಾಣದ ಮೂಲಕ ದೂರು ಹಾಕಿದ್ದೇವೆ. 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ, ವಕೀಲರನ್ನು ಇಡಲೇಬೇಕು ಅಂತಲೂ ಇಲ್ಲ. ಇದೇ ಥರ "ಸೆಂಟಿಮೀಟರ್ ಜಿಪಿಎಸ್" ತಗೊಂಡವರು ಯಾರಾದರೂ ಇದ್ದರೆ ಬಾಕ್ಸಿನ ಮೇಲೆ ಏನು ಬರೆದಿದೆ ಅನ್ನುವುದರ ಫೋಟೋ ತೆಗೆದು ಇಟ್ಟುಕೊಳ್ಳಿ, ಬಾಕ್ಸ್ ಬಿಸಾಡಬೇಡಿ. ನಮ್ಮ ದೂರಿನಲ್ಲಿ ಈಗ ಕೇಳುತ್ತಿರುವುದು ಅದನ್ನೇ.