ಫ್ರಾನ್ಸ್ 1789, ರಷ್ಯಾ 1917: ಪ್ರಾಜೆಕ್ಟ್‌ಗೆ ಯಾವುದು?

ರಾಜರ ನಿರಂಕುಶ ಆಳ್ವಿಕೆ ಹೇಗೆ ಬಿತ್ತು ಅಂತ ಒಂದೇ ಕ್ರಾಂತಿ ಹಿಡಿದು ಬರೆಯುವುದಾದರೆ, ನನ್ನ ಓಟು ಫ್ರಾನ್ಸ್‌ಗೆ. ಅಲ್ಲಿ ಕಾರಣಗಳು ಎದ್ದು ಕಾಣುತ್ತವೆ. ಖಜಾನೆ ಖಾಲಿ. ತೆರಿಗೆಯ ಹೊರೆ ಬಹುಪಾಲು ಜನಸಾಮಾನ್ಯರ ಮೇಲೆ, ಪಾದ್ರಿಗಳಿಗೂ ಕುಲೀನರಿಗೂ ವಿನಾಯಿತಿ. 1789ರ ಅಕ್ಟೋಬರ್ 5ರಂದು ಪ್ಯಾರಿಸ್‌ನ ಸಾವಿರಾರು ಹೆಂಗಸರು ಬ್ರೆಡ್ ಬೇಕೆಂದು ಮಳೆಯಲ್ಲೇ ವರ್ಸೇಲ್ಸ್ ಅರಮನೆಗೆ ನಡೆದರು. ಮರುದಿನ ರಾಜ 16ನೇ ಲೂಯಿಯನ್ನೇ ಪ್ಯಾರಿಸ್‌ಗೆ ಕರೆತಂದರು. ಎಂಥ ಧೈರ್ಯ, ಅಲ್ವಾ!

ರಷ್ಯಾದಲ್ಲೂ ಕಿಡಿ ಹೊತ್ತಿದ್ದು ಆಗಿನ ರಾಜಧಾನಿ ಪೆಟ್ರೋಗ್ರಾಡ್‌ನ ಹೆಂಗಸರ ಬ್ರೆಡ್ ಹೋರಾಟದಿಂದಲೇ. ಆದರೆ ಅಲ್ಲಿ ಮಹಾಯುದ್ಧ, ಎರಡು ಕ್ರಾಂತಿ, ಅಂತರ್ಯುದ್ಧ ಎಲ್ಲ ಹೆಣೆದುಕೊಂಡಿವೆ. ಓದು ಜಾಸ್ತಿ ಬೇಕು. ಪರಿಣಾಮಗಳ ಮೇಲೇ ಬರೆಯುವ ಆಸೆಯಿದ್ದರೆ ರಷ್ಯಾ ತೆಗೆದುಕೊಳ್ಳಿ: ತ್ಸಾರ್ (ರಷ್ಯಾದ ದೊರೆ) ಇಳಿದ ಎಂಟೇ ತಿಂಗಳಲ್ಲಿ ಅಧಿಕಾರ ಬೋಲ್ಷೆವಿಕರ, ಅಂದರೆ ಲೆನಿನ್ ಪಕ್ಷದವರ ಕೈ ಸೇರಿತು. ಫ್ರಾನ್ಸ್‌ನಲ್ಲಾದರೆ ಪರಿಣಾಮಗಳ ಕತೆ ವರ್ಷಗಟ್ಟಲೆ ಎಳೆಯುತ್ತದೆ: ನೆಪೋಲಿಯನ್ ಚಕ್ರವರ್ತಿಯಾಗಿದ್ದು 1804ರಲ್ಲಿ.